ಪಾರ್ಥಿವ ಶರೀರ ಯಾರ ಸುಪರ್ದಿಗೆ?

ಮಾನ್ಯ ಸಂಪಾದಕರೇ,

ತೀರಿಕೊಂಡವರ ಆಸ್ತಿಗಾಗಿ ಒಡಹುಟ್ಟಿದವರು ಕೋರ್ಟು ಮೆಟ್ಟಿಲೇರುವುದು ಹೊಸತೇನಲ್ಲ. ಆದರೆ ಪಾರ್ಥಿವ ಶರೀರವನ್ನು ಯಾರು ಒಯ್ಯಬೇಕು, ಸುಡಬೇಕೋ ಹೂಳಬೇಕೋ, ಚಿತಾಭಸ್ಮ ಯಾರ ಕೈ ಸೇರಬೇಕು ಎಂಬ ಜಗಳದಲ್ಲಿ ಆಸ್ತಿ ಕಾನೂನಿನ ತಿಳಿವಳಿಕೆ ಉಪಯೋಗಕ್ಕೆ ಬರುವುದಿಲ್ಲ. ಶವ ಯಾರ ಸ್ವತ್ತೂ ಅಲ್ಲ ಎಂಬುದು ಇಂಗ್ಲಿಷ್ ಕಾಮನ್ ಲಾ (ಕೋರ್ಟಿನ ತೀರ್ಪುಗಳಿಂದಲೇ ಬೆಳೆದುಬಂದ ಕಾನೂನು) ಪರಂಪರೆಯ ಹಳೆಯ ನಿಯಮ. ಸ್ವತ್ತಲ್ಲದ್ದನ್ನು ಉಯಿಲಿನಲ್ಲಿ ಯಾರ ಹೆಸರಿಗೂ ಬರೆದಿಡಲಾಗದು. ಅಂತ್ಯಸಂಸ್ಕಾರದ ಸಲುವಾಗಿ ದೇಹವನ್ನು ವಶಕ್ಕೆ ಪಡೆಯುವ ಹಕ್ಕು ಮಾತ್ರ ಉಳಿಯುತ್ತದೆ. ಅದು ಮೊದಲು, ಉಯಿಲನ್ನು ಜಾರಿಗೆ ತರಲು ಅದರಲ್ಲೇ ಹೆಸರಿಸಿದ ಎಕ್ಸಿಕ್ಯೂಟರ್‌ಗೆ, ಉಯಿಲಿಲ್ಲದಿದ್ದರೆ ಸಾಮಾನ್ಯವಾಗಿ ಅತಿ ಹತ್ತಿರದ ವಾರಸುದಾರರಿಗೆ ಸಲ್ಲುತ್ತದೆ.

ಇದರ ಬಿಸಿ ಎಂಥದೆಂಬುದನ್ನು ಇಂಗ್ಲೆಂಡಿನ 1882ರ ವಿಲಿಯಮ್ಸ್ ಪ್ರಕರಣ ತೋರಿಸುತ್ತದೆ. ತನ್ನ ದೇಹವನ್ನು ಸ್ನೇಹಿತೆಗೆ ಒಪ್ಪಿಸಬೇಕು, ಆಕೆ ಅದನ್ನು ದಹಿಸಬೇಕು ಎಂದು ಒಬ್ಬಾತ ಸ್ಪಷ್ಟವಾಗಿ ಬರೆದಿಟ್ಟಿದ್ದ. ಮನೆಯವರು ಹೂಳಿಸಿದರು. ಬೇರೆಡೆ ಹೂಳುವುದಾಗಿ ಹೇಳಿ ಅನುಮತಿ ಪಡೆದ ಆಕೆ ಶವವನ್ನು ಹೊರತೆಗೆಸಿ, ಇಟಲಿಯ ಮಿಲಾನಿಗೆ ಒಯ್ದು ದಹಿಸಿ, ಖರ್ಚು ಕೊಡಿಸಿರೆಂದು ಕೋರ್ಟಿಗೆ ಹೋಗಿ ಸೋತರು. ಸತ್ತವನ ಬರಹ ಯಾರನ್ನೂ ಕಟ್ಟಿಹಾಕದು ಎಂದಿತು ನ್ಯಾಯಾಲಯ.

ಹೆಂಡತಿ ಒಂದು ಕಡೆ, ಹುಟ್ಟಿದ ಕುಲ ಇನ್ನೊಂದು ಕಡೆ ನಿಂತಾಗ ತೀರ್ಪು ಹೀಗೇ ಬರುತ್ತದೆನ್ನಲಾಗದು. ಕೀನ್ಯಾದ ವಕೀಲ ಎಸ್.ಎಂ. ಒಟಿಯೆನೊ ಅವರ ದೇಹ ತಿಂಗಳುಗಟ್ಟಲೆ ಶವಾಗಾರದಲ್ಲಿ ಉಳಿದು, 1987ರಲ್ಲಿ ಪತ್ನಿಯ ವಿರೋಧದ ನಡುವೆ ಕುಲದವರ ಪಾಲಾಯಿತು. 2012ರಲ್ಲಿ ನ್ಯೂಜಿಲೆಂಡಿನ ಸುಪ್ರೀಂ ಕೋರ್ಟು ಇಂಥದೇ ವ್ಯಾಜ್ಯದಲ್ಲಿ ಎಕ್ಸಿಕ್ಯೂಟರ್ ಆಗಿದ್ದ ಸಂಗಾತಿಯ ಪರ ನಿಂತಿತು.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಬೇರೆಯೇ. ಇಂಗ್ಲೆಂಡಿನ 2004ರ ಮಾನವ ಅಂಗಾಂಶ ಕಾಯ್ದೆಯಡಿ ಅಂಗದಾನಕ್ಕೆ ಬದುಕಿದ್ದಾಗ ಕೊಟ್ಟ ಒಪ್ಪಿಗೆ ಕಾನೂನಿನ ಕಣ್ಣಲ್ಲಿ ಸಾಕು. ತನ್ನ ಪರವಾಗಿ ತೀರ್ಮಾನಿಸಲು ಪ್ರತಿನಿಧಿಯನ್ನು ನೇಮಿಸಲೂ ಅವಕಾಶವಿದೆ. ಅಂದರೆ ಮೂತ್ರಪಿಂಡದ ವಿಷಯದಲ್ಲಿ ನನ್ನ ಮಾತು ನಡೆಯುತ್ತದೆ, ಇಡೀ ದೇಹದ ಅಂತ್ಯಸಂಸ್ಕಾರದಲ್ಲಿ ನಡೆಯುವುದಿಲ್ಲ! ಅಮೆರಿಕದ ಅನೇಕ ರಾಜ್ಯಗಳು ಈ ಕೊರತೆ ತುಂಬಿವೆ. ಅಲ್ಲಿ ಲಿಖಿತವಾಗಿ ಹೆಸರಿಸಿದವರಿಗೆ ಮೊದಲ ಹಕ್ಕು, ಆಮೇಲೆ ಸಂಗಾತಿ, ಅನಂತರ ಮಕ್ಕಳು. ಇಂಥ ಕಾನೂನು ಎಲ್ಲೆಡೆ ಬರಬೇಕು. ಸಮಾನ ಹಕ್ಕುಳ್ಳ ಮಕ್ಕಳು ಒಮ್ಮತಕ್ಕೆ ಬಾರದಿದ್ದರೆ ಕೆಲವೇ ದಿನಗಳಲ್ಲಿ ಇತ್ಯರ್ಥವಾಗುವಂತೆಯೂ ಅದರಲ್ಲಿ ವಿಧಿಸಬೇಕು. ಇಲ್ಲವಾದರೆ ಶವಾಗಾರದ ರಿಜಿಸ್ಟರಿನಲ್ಲಿ ಮೊದಲು ಸಹಿ ಹಾಕಿದವರೇ ವಾರಸುದಾರರಾಗುತ್ತಾರೆ. ದಹನವಾದ ಮೇಲೆ ತಡೆಯಾಜ್ಞೆ ತಂದು ಫಲವೇನು?

ಅಲ್ಲಿಯವರೆಗೆ, ಮನೆಯಲ್ಲಿ ಭಿನ್ನಾಭಿಪ್ರಾಯವಿರುವವರು ನಂಬಿಕಸ್ಥರೊಬ್ಬರನ್ನು ಎಕ್ಸಿಕ್ಯೂಟರ್ ಎಂದು ಉಯಿಲಿನಲ್ಲಿ ಹೆಸರಿಸಿ, ಅಂತ್ಯಸಂಸ್ಕಾರದ ಇಚ್ಛೆಯನ್ನು ಬೇರೆ ಕಾಗದದಲ್ಲಿ ಸಹಿ ಮಾಡಿ ಅವರ ಕೈಗೇ ಕೊಟ್ಟಿಡುವುದು ಮೇಲು. ಬೀರುವಿನಲ್ಲಿಟ್ಟ ಉಯಿಲನ್ನು ಬಹುತೇಕ ಮನೆಗಳಲ್ಲಿ ತೆರೆಯುವುದು ಎಲ್ಲ ಕರ್ಮಾಂತರಗಳು ಮುಗಿದ ಮೇಲೆ.

ಇಂತಿ,
ತಮ್ಮ ಓದುಗ