ಎಸ್‌ಜಿ ಚೆಂಡಿನ ಹಿಂದಿನ ಕಥೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಕ್ರಿಕೆಟ್ ಮ್ಯಾಚಿಗೆ ಎಸ್‌ಜಿ ಚೆಂಡನ್ನೇ ತರೋಣ ಅಂತ ಮೊನ್ನೆ ಮಾತಾಯಿತಲ್ವಾ, ಆ ಹೆಸರಿನ ಹಿಂದೆ ದೊಡ್ಡ ಕಥೆ ಇದೆ, ದಯವಿಟ್ಟು ಓದಿ.

ಎಸ್‌ಜಿ ಅಂದರೆ ಸಾನ್ಸ್‌ಪರೇಲ್ಸ್ ಗ್ರೀನ್‌ಲ್ಯಾಂಡ್ಸ್, ಕ್ರಿಕೆಟ್ ಸಾಮಾನು ಮಾಡುವ ಕಂಪನಿ. 1931ರಲ್ಲಿ ಕೇದಾರನಾಥ ಮತ್ತು ದ್ವಾರಕಾನಾಥ ಆನಂದ್ ಎಂಬ ಅಣ್ಣತಮ್ಮಂದಿರು ಇದನ್ನು ಶುರು ಮಾಡಿದ್ದು ಸಿಯಾಲ್‌ಕೋಟ್‌ನಲ್ಲಿ, ಅಂದರೆ ಈಗಿನ ಪಾಕಿಸ್ತಾನದಲ್ಲಿ. 1947ರಲ್ಲಿ ದೇಶ ಇಬ್ಭಾಗವಾದಾಗ ಕಟ್ಟಿದ್ದನ್ನೆಲ್ಲ ಬಿಟ್ಟು ಬಂದರು. ಮೊದಲು ಆಗ್ರಾ, ಆಮೇಲೆ ಮೀರತ್. ಹಾಗೆ ಬಂದ ಕುಟುಂಬಗಳು, ಕುಶಲಕರ್ಮಿಗಳು ಸೇರಿಯೇ ಮೀರತ್ ಇವತ್ತು ಆಟದ ಸಾಮಾನಿಗೆ ಹೆಸರಾಗಿರುವುದು. ನನಗಂತೂ ಇದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ನಮ್ಮ ದೇಶದಲ್ಲಿ ನಡೆಯುವ ಟೆಸ್ಟ್, ರಣಜಿ ಎರಡರಲ್ಲೂ ಇದೇ ಚೆಂಡು. ಹೊಲಿಗೆ ಪೂರ್ತಿ ಕೈಯದ್ದು, ಎದ್ದು ನಿಂತಿರುತ್ತದೆ, ಆಸ್ಟ್ರೇಲಿಯಾದ ಕೂಕಬುರಾ ಕಂಪನಿಯ ಚೆಂಡಿಗಿಂತ ಜಾಸ್ತಿ ಹೊತ್ತು ಹಾಗೇ ಉಳಿಯುತ್ತದೆ. ಸ್ಪಿನ್ನರ್‌ಗಳಿಗೆ ಹಿಡಿತ ಸಿಗುವುದು ಅದರಿಂದಲೇ. ಆದ್ದರಿಂದ ಚೆಂಡನ್ನು ಸುಮ್ನೆ ಕಾಂಕ್ರೀಟ್ ಮೇಲೆ ಬಡಿಯಬೇಡಿ, ಒದ್ದೆ ಹುಲ್ಲಲ್ಲಿ ಬಿಡಬೇಡಿ. ಯಾರೋ ಕೂತು ಒಂದೊಂದೇ ಹೊಲಿಗೆ ಹಾಕಿದ್ದು ಅದು.