ದಾಟಿದವನಿಗೆ ಅಂಕ ಬೇಡ

ಮಾನ್ಯರೆ,

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಕಳೆದ ವಾರ ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ವಿಆರ್ ಕನ್ನಡಕ (ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೇ ನಾವಿದ್ದೇವೆ ಎನಿಸುವಂತೆ ಮಾಡುವ ಸಾಧನ) ತೊಡಿಸಿ ಪ್ರವಾಹದ ಪಾಠ ಮಾಡಿದೆವು. ಕೆಸರು ನೀರು ಏರುತ್ತಿದ್ದಂತೆ ಹುಡುಗಿಯೊಬ್ಬಳು ಒಣ ನೆಲದಿಂದ ಎರಡೂ ಕಾಲೆತ್ತಿ ಬೆಂಚಿನ ಮೇಲಿಟ್ಟುಕೊಂಡಳು! ಇಷ್ಟು ವರ್ಷ ಸೀಮೆಸುಣ್ಣ ಸವೆಸಿ ನನ್ನಿಂದಾಗದ್ದು ಎರಡೇ ನಿಮಿಷದಲ್ಲಿ ಆಗಿತ್ತು.

ಆಮೇಲೆ ಹುಡುಗನೊಬ್ಬ ಸೊಂಟಮಟ್ಟದ ನೀರು ದಾಟಿ, ‘ಗೆದ್ದೆ ಮಿಸ್’ ಎಂದ. ತಂತ್ರಾಂಶ ಅವನಿಗೆ ಅಂಕ ಬೇರೆ ಕೊಟ್ಟಿತು. ನನ್ನ ಎದೆ ಧಸಕ್ಕೆಂದಿತು. ಕನ್ನಡಕ ಆಳ ತೋರಿಸುತ್ತದೆ, ಸೆಳೆತ ಕಾಲಿಗೆ ತಾಗುವುದಿಲ್ಲ. ರಭಸದಿಂದ ಹರಿಯುವ ನೀರು ಬರೀ 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಕೆಡವಬಲ್ಲದು, 60 ಸೆಂ.ಮೀ. ಆದರೆ ಹೆಚ್ಚಿನ ಕಾರುಗಳನ್ನೇ ಒಯ್ಯುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಕೆಸರಿನಡಿಯ ತೆರೆದ ಚರಂಡಿಯಂತೂ ಯಾರ ಕಣ್ಣಿಗೂ ಬೀಳದು.

ಇಬ್ಬರಿಗೆ ತಲೆಸುತ್ತು ಬಂತು. ಕಣ್ಣಿಗೆ ಕಂಡ ಚಲನೆ ಒಳಕಿವಿಗೆ ತಿಳಿಯದಿದ್ದರೆ ಹಾಗಾಗುತ್ತದೆ. ಕೂರಿಸಿ ತೋರಿಸಿದರೆ ವಾಸಿ.

ತಂತ್ರಾಂಶ ತಯಾರಿಸುವವರಲ್ಲಿ ನನ್ನದೊಂದೇ ಕೋರಿಕೆ: ನೀರಿಗಿಳಿದವನ ಆಟ ಅಲ್ಲೇ ಮುಗಿಯಲಿ. ಹಿಂತಿರುಗಿ ಎತ್ತರದ ಜಾಗಕ್ಕೆ ನಡೆದವನಿಗೆ ಪೂರ್ತಿ ಅಂಕ ಕೊಡಿ.

— ಒಬ್ಬ ವಿಜ್ಞಾನ ಶಿಕ್ಷಕಿ