ಪ್ರತಿ ಸೈಜಿಗೂ ಪ್ರತಿ ಬಣ್ಣಕ್ಕೂ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ಆನ್‌ಲೈನ್ ಅಂಗಡಿ ಶುರು ಮಾಡುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಫೋಟೊ, ಪೇಮೆಂಟ್, ಡೆಲಿವರಿ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಸರಕಿನ ಲೆಕ್ಕವನ್ನು ಡೇಟಾಬೇಸಿನಲ್ಲಿ ಹೇಗೆ ಇಡಬೇಕು ಎಂಬ ಮಾತೇ ಇಲ್ಲ. ಡೇಟಾಬೇಸ್ ಕಟ್ಟುವುದೇ ನನ್ನ ಕೆಲಸ. ಹಾಗಾಗಿ ಈ ಪತ್ರ.

ಒಂದು ಅಂಗಿ ತಗೊಳ್ಳಿ. 5 ಸೈಜ್, 4 ಬಣ್ಣ. ನೋಡುವವರಿಗೆ ಅದು ಒಂದೇ ಅಂಗಿ, ಮಾರುವವರಿಗೆ 20 ಬೇರೆ ಬೇರೆ ಸರಕು. ಅರ್ಧ ತೋಳು, ತುಂಬು ತೋಳು ಸೇರಿದರೆ 40. ಆದರೆ ಎಷ್ಟೋ ಕಡೆ ಡೇಟಾಬೇಸಿನ ಪ್ರಾಡಕ್ಟ್ ಟೇಬಲ್‌ನಲ್ಲಿ, ಅಂದರೆ ಸಾಲು, ಕಾಲಂ ಇರುವ ಸರಕಿನ ಪಟ್ಟಿಯಲ್ಲಿ, ಒಂದೇ ಸಾಲು ಇರುತ್ತದೆ. ಸೈಜ್ ಕಾಲಂನಲ್ಲಿ ‘ಎಸ್, ಎಂ, ಎಲ್’ ಎಂದು ಕಾಮಾ ಹಾಕಿ ತುಂಬಿರುತ್ತಾರೆ. ಪಕ್ಕದಲ್ಲಿ ಸ್ಟಾಕ್ 12. ಯಾವ ಸೈಜಿನ 12? ನೀಲಿ ಎಂ ಮುಗಿದು ಹೋಗಿದ್ದರೂ ಸೈಟ್ ಆರ್ಡರ್ ತಗೊಳ್ಳುತ್ತಲೇ ಇರುತ್ತದೆ. ಆಮೇಲೆ ಗ್ರಾಹಕರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು ಟೇಬಲ್ ಮಾಡಿದವರಲ್ಲ, ಪ್ಯಾಕಿಂಗ್ ಮಾಡುವವರು. ನನಗೆ ಜಾಸ್ತಿ ಬೇಸರ ಅದಕ್ಕೇ. ಒಂದು ಜಾಗದಲ್ಲಿ ಒಂದೇ ಮೌಲ್ಯ ಇರಲಿ ಎಂಬ ವಿಚಾರವನ್ನು, ಟೇಬಲ್‌ಗಳ ಡೇಟಾಬೇಸಿಗೆ ತಳಹದಿ ಹಾಕಿದ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲೇ ಮುಂದಿಟ್ಟಿದ್ದರು.

ಪ್ರಾಡಕ್ಟ್ ಟೇಬಲ್‌ನಲ್ಲಿ ಹೆಸರು, ವಿವರ, ಬ್ರ್ಯಾಂಡ್ ಇಟ್ಟರೆ ಸಾಕು. ಬೆಲೆ, ಸ್ಟಾಕ್, ತೂಕ, ಬಾರ್‌ಕೋಡ್, ಎಸ್‌ಕೆಯು (ಅಂಗಡಿಯವರು ಒಂದೊಂದು ಸರಕಿಗೂ ಕೊಡುವ ಕೋಡ್) ಎಲ್ಲ ವೇರಿಯಂಟ್ ಟೇಬಲ್‌ಗೆ ಸೇರಬೇಕು. ಗ್ರಾಹಕರು ಬುಟ್ಟಿಗೆ ಹಾಕಬಹುದಾದ ಒಂದೊಂದು ಸರಕಿಗೂ ಅಲ್ಲಿ ಒಂದು ಸಾಲು. ಸೈಜ್, ಬಣ್ಣ ಎಂಬ ಆಯ್ಕೆಗಳಿಗೆ ಒಂದು ಟೇಬಲ್, ಎಂ, ನೀಲಿ ಎಂಬ ಅವುಗಳ ಮೌಲ್ಯಗಳಿಗೆ ಇನ್ನೊಂದು. ಯಾವ ವೇರಿಯಂಟ್‌ಗೆ ಯಾವ ಮೌಲ್ಯ ಎಂದು ಜೋಡಿಸಲು ಮತ್ತೊಂದು. ನಾಳೆ ‘ಬಟ್ಟೆಯ ಬಗೆ’ ಎಂಬ ಆಯ್ಕೆ ಬಂದರೆ ಹೊಸ ಸಾಲುಗಳು ಸೇರುತ್ತವೆ, ಕಾಲಂ ಮುಟ್ಟಬೇಕಿಲ್ಲ.

ಜೋಡಿಸುವ ಟೇಬಲ್‌ನಲ್ಲಿ ವೇರಿಯಂಟ್ ಐಡಿ (ಗುರುತಿನ ಸಂಖ್ಯೆ), ಆಯ್ಕೆ ಐಡಿ ಎರಡನ್ನೂ ಸೇರಿಸಿ ಯುನೀಕ್ ಮಾಡಿ, ಅಂದರೆ ಅದೇ ಜೋಡಿ ಎರಡನೇ ಸಲ ಬರದಂತೆ ನಿಯಮ ಹಾಕಿ. ಆಗ ಒಂದೇ ವೇರಿಯಂಟ್‌ಗೆ ಎರಡು ಬಣ್ಣ ಬೀಳುವುದಿಲ್ಲ. ಆದರೆ ಒಂದೇ ಅಂಗಿಗೆ ನೀಲಿ ಎಂ ಎಂಬ ವೇರಿಯಂಟ್ ಎರಡು ಸಲ ಹುಟ್ಟುವುದನ್ನು ಇದು ತಡೆಯದು. ಇದನ್ನು ತುಂಬಾ ಜನ ಮರೆಯುತ್ತಾರೆ. ಮೌಲ್ಯಗಳ ಐಡಿಗಳನ್ನು ಕ್ರಮವಾಗಿ ಜೋಡಿಸಿ ವೇರಿಯಂಟ್‌ನ ಒಂದು ಕಾಲಂನಲ್ಲಿಟ್ಟು, ಪ್ರಾಡಕ್ಟ್ ಐಡಿ ಜೊತೆ ಯುನೀಕ್ ಮಾಡಿದರೆ ಅದೂ ನಿಲ್ಲುತ್ತದೆ.

ಕೆಲವರು ಬೆಲೆ ಸಮೇತ ಎಲ್ಲವನ್ನೂ ‘ಗುಣ–ಮೌಲ್ಯ’ ಎಂಬ ಒಂದೇ ಟೇಬಲ್‌ಗೆ, ಸಾಲಿಗೊಂದು ಗುಣದ ಹೆಸರು, ಅದರ ಮೌಲ್ಯ ಎಂಬಂತೆ, ಸುರಿಯುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬೆಲೆ ಬರೀ ಅಕ್ಷರವಾಗಿ ಕೂರುತ್ತದೆ, ತಪ್ಪು ಸಂಖ್ಯೆ ಬಂದರೆ ಡೇಟಾಬೇಸ್ ತಡೆಯುವುದಿಲ್ಲ. ಬಣ್ಣ, ಸೈಜ್, ಬೆಲೆ ಮೂರನ್ನೂ ಸೇರಿಸಿ ಹುಡುಕಲು ಅದೇ ಟೇಬಲ್ ಅನ್ನು ಮತ್ತೆ ಮತ್ತೆ ಜಾಯಿನ್ ಮಾಡಬೇಕು, ಅಂದರೆ ಅದರ ಸಾಲುಗಳನ್ನು ಒಂದಕ್ಕೊಂದು ಹೊಂದಿಸಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 2014ರಿಂದ ಜೇಸನ್‌ಬಿ, ಅಂದರೆ ಹಲವು ವಿವರಗಳನ್ನು ಒಂದೇ ಕಾಲಂನಲ್ಲಿ ಇಡುವ ಬಗೆ, ಇದೆ ಅಲ್ವಾ ಎನ್ನಬಹುದು. ಒಗೆಯುವ ಸೂಚನೆಯಂಥ ವಿವರಕ್ಕೆ ಅದು ಒಳ್ಳೆಯದು. ಸ್ಟಾಕ್ ಮಾತ್ರ ಅದರೊಳಗೆ ಹಾಕಬೇಡಿ.

ಇನ್ನೊಂದು ಮಾತು. ಆರ್ಡರ್ ಬಂದಾಗ ಆ ಹೊತ್ತಿನ ಹೆಸರು, ಸೈಜ್, ಬಣ್ಣ, ಬೆಲೆಯನ್ನು ಆರ್ಡರ್ ಸಾಲಿಗೇ ನಕಲು ಮಾಡಿ. ಇಲ್ಲದಿದ್ದರೆ ಇವತ್ತು ಬೆಲೆ ಬದಲಿಸಿದಾಗ ಹೋದ ವರ್ಷದ ಬಿಲ್ಲೂ ಬದಲಾಗುತ್ತದೆ. ಮಾರಾಟ ನಿಂತ ವೇರಿಯಂಟನ್ನು ಅಳಿಸಬೇಡಿ, ‘ಮಾರಾಟಕ್ಕಿಲ್ಲ’ ಎಂದು ಗುರುತು ಹಾಕಿ. ಅದೇ ಅಂಗಿ ವಾಪಸ್ ಬಂದ ದಿನ ಆ ಸಾಲು ಬೇಕಾಗುತ್ತದೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಡೇಟಾಬೇಸ್ ಎಂಜಿನಿಯರ್